ಗಾಳಿಯಂತ್ರಗಳೂ ಆಕಸ್ಮಿಕ ಭಾರವೂ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ಸೀಮೆಯಲ್ಲಿ ಮುಂಗಾರಿಗೆ ಮುನ್ನ ಬಿರುಗಾಳಿ ಬೀಸಿದಾಗ ತೆಂಗಿನ ಮರವು ವರ್ತಿಸುವ ಬಗೆಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಿರಬಹುದು. ಕಾಂಡವು ಬಾಗುತ್ತದೆ, ಗರಿಗಳು ಗಾಳಿಯ ದಿಕ್ಕಿಗೆ ಹೊರಳಿ ತಮ್ಮ ಹರವನ್ನು ಕುಗ್ಗಿಸಿಕೊಳ್ಳುತ್ತವೆ. ಇಲ್ಲಿಂದ ಉತ್ತರಕ್ಕೆ, ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲಿ ನಿಂತಿರುವ ಗಾಳಿಯಂತ್ರಗಳೂ ಅಂತಹ ವೇಳೆಯಲ್ಲಿ ಮಾಡಬೇಕಾದುದು ಹೆಚ್ಚುಕಡಿಮೆ ಇದನ್ನೇ. ಅಲಗುಗಳು ತಮ್ಮ ಉದ್ದದ ಅಕ್ಷದ ಸುತ್ತ ತಿರುಗಿ ಅಂಚನ್ನು ಮಾತ್ರ ಗಾಳಿಗೆ ಒಡ್ಡಬೇಕು. ಮರಕ್ಕೆ ಇದು ಸಹಜಧರ್ಮ. ಯಂತ್ರಕ್ಕಾದರೋ ಇದನ್ನು ಮಾಡಲು ಶಕ್ತಿಯ ಆಸರೆ ಬೇಕು.

ಗಾಳಿಯ ಒತ್ತಡವು ವೇಗದ ವರ್ಗವನ್ನು ಅನುಸರಿಸುತ್ತದೆಂಬುದು ವಿದಿತವೇ ಸರಿ. ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ನಿಗದಿಯಾದ ಮೂಲವೇಗ ಸೆಕೆಂಡಿಗೆ 33 ಮೀಟರು, ವಿಶಾಖಪಟ್ಟಣಕ್ಕೆ 50. ಒತ್ತಡದ ಅಂತರ ಸುಮಾರು 2.3 ಪಟ್ಟು. ಆದರೆ ಇಂತಹ ದೊಡ್ಡ ಗಾಳಿ ನಿರೀಕ್ಷಿತವಾದುದು. ಅದನ್ನು ಲೆಕ್ಕದಲ್ಲಿ ಸೇರಿಸಿಯೇ ಗೋಪುರವನ್ನು ಕಟ್ಟುತ್ತಾರೆ. ಅದರೊಡನೆ ಮತ್ತೊಂದು ವೈಫಲ್ಯ ಕೂಡಿಕೊಂಡಾಗಲೇ ಅಪಾಯ ಹೆಚ್ಚು. 2003ರ ಸೆಪ್ಟೆಂಬರಿನಲ್ಲಿ ಜಪಾನಿನ ಮಿಯಾಕೊ ದ್ವೀಪಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಗಾಳಿಯ ಹೊಡೆತ ಸೆಕೆಂಡಿಗೆ 74 ಮೀಟರು ಮುಟ್ಟಿತು. ವಿದ್ಯುತ್ತು ಕಡಿದುಹೋಗಿ ಯಂತ್ರಗಳ ಶಿರೋಭಾಗವು ಗಾಳಿಗೆ ಅಭಿಮುಖವಾಗಿ ತಿರುಗಲಾರದೆ ಹೋಯಿತು. ಮೂರು ಯಂತ್ರಗಳು ಉರುಳಿದವು. 2008ರಲ್ಲಿ ಡೆನ್ಮಾರ್ಕಿನ ಹಾರ್ನ್ಸ್ಲೆಟ್ ಬಳಿ ತಡೆಯು ಸೋತು, ಮಿತಿಮೀರಿ ತಿರುಗಿದ ಅಲಗು ಗೋಪುರಕ್ಕೇ ಬಡಿಯಿತು. ತಿರುಗುವ ವೇಗ ಇಮ್ಮಡಿಸಿದರೆ ಅಲಗನ್ನು ಹೊರಕ್ಕೆ ಸೆಳೆಯುವ ಬಲ ನಾಲ್ಮಡಿಯಾಗುತ್ತದಷ್ಟೆ.

ಸಮುದ್ರದಲ್ಲಿ ನಿಲ್ಲಿಸುವ ಯಂತ್ರಗಳಿಗೆ ಇದರ ಮೇಲೆ ಹಡಗಿನ ಭಯವೂ ಉಂಟು. 5,000 ಟನ್ನಿನ ಹಡಗು ಸೆಕೆಂಡಿಗೆ 2 ಮೀಟರಿನಂತೆ ತೇಲಿ ಬಂದರೂ ಅದರ ಚಲನಶಕ್ತಿ 10 ಮೆಗಾಜೂಲು. ಅಡ್ಡಲಾಗಿ ಬಂದರೆ, ಜೊತೆಗೆ ಸರಿಯುವ ನೀರಿನ ಪಾಲು ಸೇರಿ, ಇನ್ನೂ ಹೆಚ್ಚು. ಇಂತಹ ಹೊಡೆತಕ್ಕೆ ಕಂಬ ನಗ್ಗಬಾರದೆಂದು ಯಾರೂ ಹಟ ಹಿಡಿಯುವುದಿಲ್ಲ. ನಗ್ಗಲಿ, ಆದರೆ ಉರುಳಬಾರದು ಎಂಬುದೇ ನಿಯಮ. 2023ರ ಏಪ್ರಿಲಿನಲ್ಲಿ ಜರ್ಮನಿಯ ಸಮುದ್ರದ ಒಂದು ಯಂತ್ರಕ್ಕೆ ಸರಕುಹಡಗು ಡಿಕ್ಕಿ ಹೊಡೆದಾಗ ಹಡಗಿನ ಒಡಲು ತೂತಾಯಿತು. ಯಂತ್ರವು ನಿಂತೇ ಇತ್ತು.

ಕಣಕಟ್ಟೆಯಂತಹ ಬಯಲುಸೀಮೆಯಲ್ಲಿ ಹಡಗಿನ ಮಾತಿಲ್ಲ. ಆದರೆ ಗಾಳಿಮಳೆ ಬಂದೊಡನೆ ವಿದ್ಯುತ್ತು ಹೋಗುವುದು ನಮಗೆಲ್ಲ ಪರಿಚಿತ. ಗಾಳಿಯ ಭಾರವನ್ನು ಶ್ರದ್ಧೆಯಿಂದ ಗುಣಿಸುವ ನಮ್ಮ ವಿದ್ಯಾರ್ಥಿಗಳು ಆ ಗಳಿಗೆಯಲ್ಲಿ ವಿದ್ಯುತ್ತಿರುವುದೇ ಎಂದು ಕೇಳುವುದು ವಿರಳ. ಇದಕ್ಕಾಗಿಯೇ ಅನೇಕ ಯಂತ್ರಗಳಲ್ಲಿ ಒಂದೊಂದು ಅಲಗಿಗೂ ಬೇರೆಬೇರೆ ಬ್ಯಾಟರಿ ಇಟ್ಟಿರುತ್ತಾರೆ. ಒಂದು ಕೆಟ್ಟರೂ ಉಳಿದವು ತಿರುಗಿ ವೇಗವನ್ನು ತಗ್ಗಿಸುತ್ತವೆ. ಆದುದರಿಂದ ಬ್ಯಾಟರಿಯ ಪರೀಕ್ಷೆಯನ್ನೂ ಗೋಪುರದ ಭದ್ರತೆಯ ಲೆಕ್ಕದಲ್ಲಿಯೇ ಸೇರಿಸಬೇಕೆಂದು ನಮ್ಮ ಅಭಿಪ್ರಾಯ.