ಕಿರೀಟ ಬೇರೆ, ಓಟು ಬೇರೆ

2019ರ ಲೋಕಸಭಾ ಚುನಾವಣೆ ಹಿರಿಯರಿಗೆಲ್ಲ ನೆನಪಿರಬೇಕು. ಇಡೀ ರಾಜ್ಯದ ಕಣ್ಣು ಮಂಡ್ಯದ ಮೇಲಿತ್ತು. ಅಷ್ಟು ದೂರದ ನಮ್ಮ ಸಿರಸಂಗಿಯ ಕಟ್ಟೆಯ ಮೇಲೂ ಅದೇ ಮಾತು. ನಟ ಅಂಬರೀಷ್ ತೀರಿಕೊಂಡು ಐದು ತಿಂಗಳೂ ತುಂಬಿರಲಿಲ್ಲ. ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ಕಣಕ್ಕಿಳಿದಿದ್ದರು. ಎದುರಿಗೆ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಅವರ ಮಗ ನಿಖಿಲ್. ಬಿಜೆಪಿ ತನ್ನ ಅಭ್ಯರ್ಥಿಯನ್ನು ನಿಲ್ಲಿಸದೆ ಸುಮಲತಾ ಅವರನ್ನು ಬೆಂಬಲಿಸಿತ್ತು. ತಮಾಷೆಯೆಂದರೆ, ಸುಮಲತಾ ಎಂಬ ಹೆಸರಿನವರು ಇನ್ನೂ ಮೂವರು ಕಣದಲ್ಲಿದ್ದರು! ಕಹಳೆ ಊದುವ ರೈತನ ಚಿಹ್ನೆ ನೋಡಿ ಜನ ತಮಗೆ ಬೇಕಾದ ಸುಮಲತಾರನ್ನು ಗುರುತಿಸಿದರು. 1,25,876 ಮತಗಳ ಅಂತರದಿಂದ ಅವರು ಗೆದ್ದರು.

ಮಕ್ಕಳೇ, ಈ ಸುಮಲತಾ ಹದಿನೈದು ವರ್ಷದ ಹುಡುಗಿಯಾಗಿದ್ದಾಗ ಆಂಧ್ರಪ್ರದೇಶದಲ್ಲಿ ಒಂದು ಸೌಂದರ್ಯ ಸ್ಪರ್ಧೆ ಗೆದ್ದವರು. ಅಲ್ಲಿಂದ ಸಿನಿಮಾಕ್ಕೆ ಬಂದರು. ಆ ಕಿರೀಟಕ್ಕೂ ಸಂಸತ್ತಿನ ಮೆಟ್ಟಿಲಿಗೂ ನಡುವೆ ಸುಮಾರು ನಲವತ್ತು ವರ್ಷ.

ಇದನ್ನು ಹೇಳಿದಾಗ ನನ್ನ ಮೊಮ್ಮಗಳು ಕೇಳಿದಳು: “ಹಂಗಾದ್ರ ಚಂದ ಇದ್ದವರಿಗೇ ಓಟು ಬೀಳ್ತಾವೇನು ಅಜ್ಜಾ?”

ಉತ್ತರಕ್ಕೆ ಇನ್ನೂ ಕೆಲವರ ಕತೆ ನೋಡೋಣ. ನಫೀಸಾ ಅಲಿ 1976ರ ಮಿಸ್ ಇಂಡಿಯಾ. ಒಳ್ಳೆಯ ಈಜುಗಾರ್ತಿ, ನಟಿ ಕೂಡ. 2004ರಲ್ಲಿ ದಕ್ಷಿಣ ಕೋಲ್ಕತ್ತದಿಂದ, 2009ರಲ್ಲಿ ಲಖನೌದಿಂದ ಲೋಕಸಭೆಗೆ ಸ್ಪರ್ಧಿಸಿದರು. ಎರಡೂ ಸಲ ಸೋತರು. 1999ರ ಮಿಸ್ ಇಂಡಿಯಾ ಗುಲ್ ಪನಾಗ್ 2014ರಲ್ಲಿ ಚಂಡೀಗಢದಲ್ಲಿ ನಿಂತು ಮೂರನೇ ಸ್ಥಾನಕ್ಕೆ ಬಂದರು. ಸ್ಮೃತಿ ಇರಾನಿ 1998ರ ಮಿಸ್ ಇಂಡಿಯಾ ಸ್ಪರ್ಧೆಯಲ್ಲಿದ್ದರು, ಕಿರೀಟ ಮಾತ್ರ ಸಿಗಲಿಲ್ಲ. ಕೇಂದ್ರ ಸಚಿವೆಯ ಪದವಿಯವರೆಗೆ ಹೋದದ್ದು ಅವರೇ. ಅವರ ದಾರಿಯೂ ಸಲೀಸಾಗಿರಲಿಲ್ಲ. ಅಮೇಠಿಯಲ್ಲಿ 2014ರಲ್ಲಿ ಸೋತರು, 2019ರಲ್ಲಿ ಗೆದ್ದರು, 2024ರಲ್ಲಿ ಮತ್ತೆ ಸೋತರು.

ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಐರೀನ್ ಸಾಯೆಜ್ ಅವರದು ಇನ್ನೂ ದೊಡ್ಡ ಕತೆ. 1981ರಲ್ಲಿ ಅವರು ಮಿಸ್ ಯೂನಿವರ್ಸ್ ಆದರು. 1992ರಲ್ಲಿ ರಾಜಧಾನಿ ಕಾರಾಕಾಸ್‌ನ ಚಕಾವೊ ಎಂಬ ಭಾಗಕ್ಕೆ ಮೇಯರ್ ಆದರು. ಪೊಲೀಸ್ ವ್ಯವಸ್ಥೆಯನ್ನು ಸರಿಪಡಿಸಿದರು. ಜನ ಮೆಚ್ಚಿ 1995ರಲ್ಲಿ ಭಾರಿ ಬಹುಮತದಿಂದ ಮತ್ತೆ ಆರಿಸಿದರು. ಅದೇ ಧೈರ್ಯದಲ್ಲಿ 1998ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತರು. ಮೊದಮೊದಲು ಸಮೀಕ್ಷೆಗಳಲ್ಲಿ ಅವರೇ ಮುಂದಿದ್ದರು. ಆದರೆ ಜನರಿಗೆ ಹಳೆಯ ಪಕ್ಷಗಳೆಂದರೆ ಬೇಸರ ಬಂದಿದ್ದ ಹೊತ್ತಿನಲ್ಲಿ ಅಂಥದೊಂದು ಪಕ್ಷದ ಬೆಂಬಲ ಪಡೆದರು. ಕೊನೆಗೆ ನೂರರಲ್ಲಿ ಮೂರು ಓಟೂ ಬರಲಿಲ್ಲ. ಮುಖ ಅದೇ, ಕಿರೀಟವೂ ಅದೇ. ಮೇಯರ್ ಆಗಿ ಮಾಡಿದ ಕೆಲಸ ಗೆಲ್ಲಿಸಿತು, ರಾಜಕೀಯದ ಲೆಕ್ಕ ತಪ್ಪಿದಾಗ ಮುಖ ಕೈಹಿಡಿಯಲಿಲ್ಲ.

ಹಾಗಾಗಿ ಮೊಮ್ಮಗಳಿಗೆ ನಾನು ಹೇಳಿದ್ದಿಷ್ಟು: ಸೌಂದರ್ಯ ಸ್ಪರ್ಧೆಯಲ್ಲಿ ಕೆಲವೇ ತೀರ್ಪುಗಾರರು, ತೀರ್ಪು ಒಂದೇ ಸಂಜೆಗೆ ಮುಗಿಯುತ್ತದೆ. ಚುನಾವಣೆಯಲ್ಲಿ ತೀರ್ಪುಗಾರರು ಲಕ್ಷಾಂತರ ಮಂದಿ. ಅವರು ಐದು ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಕೇಳುತ್ತಾರೆ. ಕಿರೀಟದಿಂದ ಜನ ಗುರುತು ಹಿಡಿಯುತ್ತಾರೆ, ಅಷ್ಟೇ. ನಂಬಿಕೆಯನ್ನು ಬೇರೆಯಾಗಿಯೇ ಗಳಿಸಬೇಕು.

ಇನ್ನೊಂದು ಮಾತು ಹಿರಿಯರಾದ ನಮಗೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಒಬ್ಬ ಹೆಣ್ಣುಮಗಳು ನಾಮಪತ್ರ ಹಾಕಿದಳೆಂದರೆ ಕಟ್ಟೆಯ ಮೇಲೆ ಮೊದಲು ಬರುವ ಮಾತು ಆಕೆಯ ಸೀರೆಯದು, ಮೈಬಣ್ಣದ್ದು, ಇಲ್ಲವೇ ಆಕೆಯ ಗಂಡ ಯಾರು ಎಂಬುದು. ಗಂಡಸು ನಿಂತಾಗ ಅವನ ಬಣ್ಣವನ್ನು ಯಾರೂ ಕೇಳುವುದಿಲ್ಲ. ಈ ಮಾತುಗಳನ್ನು ಪಕ್ಕದಲ್ಲಿ ಆಡುತ್ತಿರುವ ಹುಡುಗಿಯರು ಕೇಳಿಸಿಕೊಳ್ಳುತ್ತಾರೆ. ನಾಳೆ ತಾವೂ ನಿಲ್ಲಬೇಕೋ ಬೇಡವೋ ಎಂಬುದನ್ನು ಅವರು ಅಲ್ಲೇ ತೀರ್ಮಾನಿಸಿಬಿಡಬಹುದು.

ನಮ್ಮೂರಿನ ಹೆಸರನ್ನು ನಾಡಿಗೆ ತಿಳಿಸಿದವರು ತ್ಯಾಗವೀರ ಲಿಂಗರಾಜ ದೇಸಾಯಿಯವರು. ಅವರು 1906ರಲ್ಲಿ ತೀರಿಕೊಂಡರು. ನೋಡಲು ಹೇಗಿದ್ದರು ಎಂದು ಯಾರೂ ವರ್ಣಿಸುವುದಿಲ್ಲ. ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬರೆದಿಟ್ಟರು ಎಂಬುದನ್ನು ಮಾತ್ರ ಇಂದಿಗೂ ಹೇಳುತ್ತೇವೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರದೇ ಹೆಸರು.

ಮುಂದಿನ ಸಲ ಓಟು ಕೇಳಲು ಯಾರಾದರೂ ಮನೆ ಬಾಗಿಲಿಗೆ ಬಂದಾಗ, ಮಕ್ಕಳೇ, ಅಜ್ಜ-ಅಜ್ಜಿಯ ಪಕ್ಕ ನಿಂತುಕೊಳ್ಳಿ. ಬಂದವರು ಹೆಣ್ಣಾಗಲಿ ಗಂಡಾಗಲಿ, ಒಂದೇ ಪ್ರಶ್ನೆ ಕೇಳಿ: “ನಮ್ಮ ಶಾಲೆಗೆ, ನಮ್ಮ ಓಣಿಯ ನೀರಿಗೆ ನೀವು ಏನು ಮಾಡ್ತೀರಿ?” ಉತ್ತರ ಬರುವವರೆಗೂ ಬಾಗಿಲಲ್ಲೇ ನಿಂತಿರಿ.