ಟಿಬೇಟದ ಆಟದಲ್ಲಿ ಭಾರತದ ಕಥೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೇಟದ ನಿರಾಶ್ರಿತರು ತಮ್ಮ ಮಠಗಳನ್ನೂ ಗ್ರಂಥಗಳನ್ನೂ ಪುನಃ ಸ್ಥಾಪಿಸಿದ ಸಂಗತಿಯನ್ನು ವಾಚಕರು ಬಲ್ಲರು. ಅವರು ತಂದ ಇನ್ನೊಂದು ಸಂಪತ್ತಿನ ಕಡೆಗೆ ನಮ್ಮವರ ಲಕ್ಷ್ಯವು ಅಷ್ಟಾಗಿ ಹೋಗಿಲ್ಲ. ಅದು ‘ಆಚೆ ಲ್ಹಾಮೊ’, ಎಂದರೆ ‘ಅಕ್ಕದೇವಿ’, ಎಂಬ ಗೀತನಾಟಕವು. ಡೋಲು-ತಾಳಗಳೆರಡನ್ನೇ ನಂಬಿ ಬಯಲಿನಲ್ಲಿ ಹಗಲೆಲ್ಲ ನಡೆಯುವ ಈ ಆಟವು ನಮ್ಮ ದೊಡ್ಡಾಟವನ್ನು ಕಂಡವರಿಗೆ ಅಪರಿಚಿತವೆನಿಸದು.

ಹದಿನೈದನೆಯ ಶತಮಾನದಲ್ಲಿ ಥಾಂಗ್‌ತೊಂಗ್ ಗ್ಯಾಲ್ಪೊ ಎಂಬ ಸಿದ್ಧನು ನದಿಗಳಿಗೆ ಕಬ್ಬಿಣದ ಸರಪಳಿಯ ಸೇತುವೆಗಳನ್ನು ಕಟ್ಟಿಸುತ್ತಿರಲಾಗಿ, ಆ ಕಾರ್ಯಕ್ಕೆ ದ್ರವ್ಯವನ್ನು ಕೂಡಿಸಲು ಏಳು ಮಂದಿ ಸೋದರಿಯರಿಂದ ಹಾಡಿಸಿ ಕುಣಿಸಿದನೆಂದೂ, ಈ ಕಲೆಯು ಅಲ್ಲಿಂದಲೇ ಹುಟ್ಟಿತೆಂದೂ ಟಿಬೇಟಿಗರ ಸಂಪ್ರದಾಯವು ಹೇಳುತ್ತದೆ. ಆಟದ ಹುಟ್ಟು ಹೀಗಾಯಿತು. ಕಥೆಗಳ ಹುಟ್ಟಾದರೋ ಮತ್ತೂ ಹಿಂದಿನದು.

ಆ ಕಥೆಗಳಿಗೆ ಮುಖ್ಯವಾಗಿ ಮೂರು ಮೂಲಗಳುಂಟು. ಮೊದಲನೆಯದು ನಮ್ಮ ದೇಶವೇ. ಸರ್ವಸ್ವವನ್ನೂ, ಕಡೆಗೆ ಹೆಂಡತಿ-ಮಕ್ಕಳನ್ನೂ ದಾನವಿತ್ತ ದ್ರಿಮೆ ಕುಂದೆನ್ ಎಂಬ ರಾಜಕುಮಾರನು ಜಾತಕದ ವೆಸ್ಸಂತರನೇ ಆಗಿದ್ದಾನೆ. ನೋರ್ಸಂಗನು ಕಿನ್ನರಿ ಮನೋಹರೆಯನ್ನು ವರಿಸಿದ ಸುಧನನು. ಅವನ ಕಥೆಯು ‘ದಿವ್ಯಾವದಾನ’ದಲ್ಲಿದೆ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ‘ಅವದಾನಕಲ್ಪಲತೆ’ಯು ಹದಿಮೂರನೆಯ ಶತಮಾನದಲ್ಲಿ ಟಿಬೇಟದ ಭಾಷೆಗೆ ಇಳಿಯಿತು. ಎರಡನೆಯ ಮೂಲವು ಇತಿಹಾಸವು. ಏಳನೆಯ ಶತಮಾನದ ಅರಸನಾದ ಸೊಂಗ್‌ತ್ಸೆನ್ ಗಂಪೊ ಚೀನ ಮತ್ತು ನೇಪಾಳಗಳ ರಾಜಕುಮಾರಿಯರನ್ನು ವರಿಸಿದ ಕಥೆಯು ಅದರಿಂದ ಬಂದುದು. ಮೂರನೆಯದು ಸಂಸಾರದ ಬಾಳು. ಅತ್ತೆಮನೆಯ ಕಷ್ಟಗಳಲ್ಲಿ ನೊಂದು ಧರ್ಮಕ್ಕೆ ಶರಣಾದ ನಂಗ್ಸಾ ಎಂಬವಳ ಕಥೆಯು ಅದಕ್ಕೆ ಸಾಕ್ಷಿಯು.

ಬೆಳಗಾವಿಯ ಸೀಮೆಯನ್ನು ನೋಡಿದರೆ ಈ ಮೂರೂ ಮೂಲಗಳು ಇಲ್ಲಿಯೂ ಕಾಣುತ್ತವೆ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದ ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಪುರಾಣವು ಮೂಲ. 1831ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಗೆ ಇತಿಹಾಸವು ಮೂಲ. ಬೈಲಹೊಂಗಲ ಸೀಮೆಯ ‘ಸಂಗ್ಯಾ-ಬಾಳ್ಯಾ’ ಆಟಕ್ಕೆ ಒಂದು ಮನೆಯ ಪ್ರೇಮ, ದ್ರೋಹ, ಕೊಲೆಗಳೇ ಮೂಲವು.

ಇಲ್ಲೊಂದು ವಿಚಾರವು ಹುಟ್ಟುತ್ತದೆ. ಸುಧನ-ಮನೋಹರೆಯರ ಹೆಸರನ್ನು ಇಂದು ಶಿವಬಸವನಗರದಂಥ ವಿದ್ಯಾವಂತರ ಬಡಾವಣೆಗಳಲ್ಲಿ ಕೂಡ ಬಲ್ಲವರು ವಿರಳ. ಅದೇ ಹಿಮಾಲಯವನ್ನು ದಾಟಿಹೋದ ಆ ಕಥೆಯನ್ನು ಟಿಬೇಟಿಗರು ಹಾಡಿ, ಕುಣಿದು, ಮಕ್ಕಳಿಗೆ ಕಲಿಸಿ ಉಳಿಸಿಕೊಂಡರು. ನಾಡನ್ನು ಕಳೆದುಕೊಂಡ ಮೇಲೆಯೂ ಬಿಡದೆ, ಅದನ್ನು ಕನ್ನಡ ನೆಲಕ್ಕೇ ಮರಳಿ ತಂದರು. ಕಥೆಯು ಎಲ್ಲಿ ಹುಟ್ಟಿತೆಂಬ ಅಭಿಮಾನ ಮಾತ್ರದಿಂದ ಅದು ಬದುಕಲಾರದು. ಆಡುವವರೂ ನೋಡುವವರೂ ಇರುವವರೆಗೆ ಮಾತ್ರ ಬದುಕುವುದು.

ಆದಕಾರಣ ಪಾರಿಜಾತದ ಮೇಳವನ್ನೂ ಮುಂಡಗೋಡದ ಲ್ಹಾಮೊ ಮೇಳವನ್ನೂ ಬೆಳಗಾವಿಯಲ್ಲಿ ಒಂದೇ ರಂಗದ ಮೇಲೆ ಬರಮಾಡಿಕೊಳ್ಳುವುದು ಅಧಿಕಾರಿಗಳಿಗೂ ಸಂಘಸಂಸ್ಥೆಗಳಿಗೂ ಅಸಾಧ್ಯವಾದ ಕಾರ್ಯವಲ್ಲ. ನೆರೆಯವರ ಆಟದಲ್ಲಿ ತಮ್ಮ ಕಥೆಯನ್ನು ಗುರುತಿಸಿದ ಜನರು ತಮ್ಮ ಆಟವನ್ನು ಅಲಕ್ಷಿಸಲಾರರು.