ಹಳೆಯ ಪ್ರೋಗ್ರಾಮಿಗೆ ಹೊಸ ವ್ಯಾಕರಣ

ಭಾಷೆಯು ಕಾಲಕ್ಕೆ ತಕ್ಕಂತೆ ರೂಪ ಬದಲಿಸುತ್ತದೆಂಬುದು ನಮಗೆಲ್ಲ ತಿಳಿದ ವಿಷಯವೇ. ಹಳಗನ್ನಡದ ‘ಪುಲಿ’ ಹೊಸಗನ್ನಡದಲ್ಲಿ ‘ಹುಲಿ’ಯಾಯಿತು, ‘ಪಾಲ್’ ಎಂಬುದು ‘ಹಾಲು’ ಆಯಿತು. ಗಣಕಯಂತ್ರಕ್ಕೆ ಆಜ್ಞೆ ಕೊಡುವ ಕೃತಕ ಭಾಷೆಗಳಿಗೂ ಈ ನಿಯಮ ತಪ್ಪಿದ್ದಲ್ಲ. ಆದರೆ ಒಂದು ಭೇದವುಂಟು. ಹಳಗನ್ನಡವನ್ನು ಓದಿ ಅರ್ಥ ಹೇಳುವ ಪಂಡಿತರು ಇಂದಿಗೂ ಇದ್ದಾರೆ. ಹೊಸ ರೂಪವನ್ನು ಮಾತ್ರ ಬಲ್ಲ ಯಂತ್ರಕ್ಕೆ ಹಳೆಯ ವಾಕ್ಯ ಕಂಡೊಡನೆ ಕೆಲಸವೇ ನಿಂತುಹೋಗುತ್ತದೆ.

ನೆದರ್ಲೆಂಡ್ಸಿನ ಗ್ವೀಡೋ ವಾನ್ ರಾಸಮ್ ಅವರು ರಚಿಸಿದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿ ೨೦೦೮ರ ಡಿಸೆಂಬರಿನಲ್ಲಿ ಹೊರಬಂದಿತು. ಎರಡನೆಯದರೊಡನೆ ಅದು ಪೂರ್ತಿ ಹೊಂದುವಂತಿರಲಿಲ್ಲ. ಹಳೆಯ ದೋಷಗಳನ್ನು ಕಳೆಯಲು ಬುದ್ಧಿಪೂರ್ವಕವಾಗಿಯೇ ಹಾಗೆ ಮಾಡಿದ್ದರು. ಎರಡನೆಯ ಆವೃತ್ತಿಯ ಪೋಷಣೆ ೨೦೨೦ರ ಜನವರಿ ೧ಕ್ಕೆ ಮುಗಿಯಿತು. ಹಳೆಯ ಪ್ರೋಗ್ರಾಮುಗಳನ್ನು ದಾಟಿಸಲೆಂದು ‘ಟೂ-ಟು-ತ್ರೀ’ ಎಂಬ ಪರಿವರ್ತಕವನ್ನು ಪೈಥಾನಿನೊಡನೆಯೇ ಕೊಟ್ಟಿದ್ದರು.

ಇದು ಬರಿಯ ಪದ ತೆಗೆದು ಪದ ಹಾಕುವ ಸಾಧನವಲ್ಲ. ಪಕಾರವಿದ್ದೆಡೆಯಲ್ಲೆಲ್ಲ ಹಕಾರ ಹಾಕುತ್ತ ಹೋದರೆ ಪಂಡಿತನು ‘ಹಂಡಿತ’ನಾದಾನು! ಆದುದರಿಂದ ಪರಿವರ್ತಕವು ಮೊದಲು ಪ್ರೋಗ್ರಾಮನ್ನು ವ್ಯಾಕರಣದಂತೆ ಬಿಡಿಸಿ, ಒಂದು ವೃಕ್ಷದ ಆಕಾರದಲ್ಲಿ ಜೋಡಿಸಿಕೊಳ್ಳುತ್ತದೆ. ಬಳಿಕ ಒಂದೊಂದು ನಿಯಮವನ್ನು ಹಿಡಿದು ತಕ್ಕ ಕೊಂಬೆಯನ್ನಷ್ಟೇ ತಿದ್ದುತ್ತದೆ. ‘ಪ್ರಿಂಟ್’ ಎಂಬ ಆಜ್ಞೆಗೆ ಆವರಣ ಚಿಹ್ನೆ ಸೇರುತ್ತದೆ. ಅದೇ ಪದ ಉದ್ಧರಣ ಚಿಹ್ನೆಗಳ ನಡುವೆ ಇದ್ದರೆ ಮುಟ್ಟುವುದಿಲ್ಲ.

ಆದರೆ ರೂಪವನ್ನು ಬಲ್ಲ ಯಂತ್ರವು ಬರೆದವನ ಅಭಿಪ್ರಾಯವನ್ನು ಅರಿಯದು. ಎರಡು ಪತ್ರಿಕೆಗಳಲ್ಲಿ ಒಟ್ಟು ೬೯ ಅಂಕ ಬಂದಿವೆಯೆನ್ನೋಣ. ೬೯ನ್ನು ೨ರಿಂದ ಭಾಗಿಸಿದರೆ ಹಳೆಯ ಪೈಥಾನಿನ ಉತ್ತರ ೩೪. ಹೊಸದರ ಉತ್ತರ ೩೪.೫. ವಾಕ್ಯ ಎರಡರಲ್ಲಿಯೂ ಒಂದೇ. ಪರಿವರ್ತಕ ಅದನ್ನು ಮುಟ್ಟದೆ ಬಿಡುತ್ತದೆ. ಪ್ರೋಗ್ರಾಮು ಯಾವ ದೂರೂ ಹೇಳದೆ ಓಡುತ್ತದೆ, ಲೆಕ್ಕ ಮಾತ್ರ ಬೇರೆಯಾಗಿರುತ್ತದೆ. ಅರ್ಧ ಅಂಕದ ಬೆಲೆಯನ್ನು ನನ್ನ ಸಹಪಾಠಿಗಳಿಗೆ ವಿವರಿಸಬೇಕಾಗಿಲ್ಲ.

ನಮ್ಮ ಲಿಪಿಗಂತೂ ಇನ್ನೊಂದು ಅಪಾಯವುಂಟು. ‘ಕನ್ನಡ’ ಎಂಬ ಪದವು ಯುಟಿಎಫ್-೮ ಕ್ರಮದಲ್ಲಿ ೧೫ ಬೈಟುಗಳಷ್ಟು ಜಾಗ ಹಿಡಿಯುತ್ತದೆ. ಹಳೆಯ ಪೈಥಾನಿನ ಸಾಮಾನ್ಯ ಪದಸರಣಿ ಈ ಬೈಟುಗಳನ್ನು ಎಣಿಸುತ್ತದೆ. ಹೊಸದು ಲಿಪಿಸಂಕೇತಗಳನ್ನು ಎಣಿಸಿ ೫ ಎನ್ನುತ್ತದೆ. ಮೊದಲ ಮೂರನ್ನು ಕೊಡೆಂದರೆ ಹಳೆಯದು ‘ಕ’ ಕೊಟ್ಟೀತು, ಹೊಸದು ‘ಕನ್’ ಕೊಟ್ಟೀತು.

ಆದುದರಿಂದ ಪರಿವರ್ತನೆಗೆ ಮುಂಚೆಯೇ ಹಳೆಯ ಪ್ರೋಗ್ರಾಮಿನ ಉತ್ತರಗಳನ್ನು ಬರೆದಿಟ್ಟುಕೊಂಡು, ಅನಂತರ ಹೊಸದರ ಉತ್ತರಗಳೊಡನೆ ತಾಳೆ ನೋಡುವುದು ಅವಶ್ಯ. ೨೦೨೪ರಲ್ಲಿ ಬಂದ ೩.೧೩ನೆಯ ಆವೃತ್ತಿಯಿಂದ ಟೂ-ಟು-ತ್ರೀಯನ್ನೇ ಕೈಬಿಟ್ಟಿದ್ದಾರೆ. ಆದರೆ ಭಾಷೆಗಳು ಇನ್ನೂ ಬದಲಾಗುವುವು, ಹೊಸ ಪರಿವರ್ತಕಗಳೂ ಬರುವುವು. ಬರವಣಿಗೆಯ ಶ್ರಮವನ್ನು ಅವು ವಹಿಸಿಕೊಳ್ಳಲಿ; ತಾಳೆ ನೋಡುವ ಹೊಣೆ ನಮ್ಮಲ್ಲಿಯೇ ಇರಲಿ.